ದ್ವೀಪ ಪ್ರವಾಸಕ್ಕೆ ಬಾಡಿಗೆ ಕಾರು: ಗಾಡಿ ಚಿಕ್ಕದಿರಲಿ, ವಿಮೆ ಪೂರ್ತಿಯಿರಲಿ

ಗುಬ್ಬಿಯಲ್ಲಿರುವ ನನ್ನ ಚಿಕ್ಕಪ್ಪನ ಮಗ ಹೆಂಡತಿ, ಅತ್ತೆ, ಮಾವನ ಜೊತೆ ಮಾರಿಷಸ್‌ಗೆ ಹೊರಟಿದ್ದಾನೆ. ಮೊನ್ನೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತಾ ಕೂತಿದ್ದಾಗ ಮೊಬೈಲು ನನ್ನ ಮುಂದೆ ಹಿಡಿದ. "ಅಣ್ಣಾ, ಇದರಲ್ಲಿ ಯಾವ ಕಾರು ತಗೊಳ್ಳಲಿ, ನೀನೇ ಹೇಳು." ಪರದೆಯ ತುಂಬ ಕಾರುಗಳ ಫೋಟೋ, ಒಂದೊಂದರ ಕೆಳಗೂ ದಿನದ ಬಾಡಿಗೆ. ಅವನ ಮನಸ್ಸು ಆಗಲೇ ಎತ್ತರದ ಎಸ್‌ಯುವಿಯೊಂದರ ಮೇಲೆ ನೆಟ್ಟಿತ್ತು. "ಕಾರು ಆಮೇಲೆ ನೋಡೋಣ, ವಿಮೆಯ ಪುಟ ಓದಿದೆಯಾ?" ಅಂದೆ. ಓದಿರಲಿಲ್ಲ. ಅಲ್ಲಿಗೆ ಮೊದಲ ಸಲ ಹೋಗುವಾಗ ನಾನೂ ಓದಿರಲಿಲ್ಲ. ಅದರ ನಷ್ಟ ಎಷ್ಟಾಯಿತೆಂದು ಮುಂದೆ ಹೇಳುತ್ತೇನೆ.

ಅವನಿಗೆ ಅಂದು ಹೇಳಿದ್ದನ್ನೇ ಇಲ್ಲಿ ಇನ್ನಷ್ಟು ಬಿಡಿಸಿ ಬರೆಯುತ್ತಿದ್ದೇನೆ. ಮನೆಮಂದಿ ಮತ್ತು ಸಾಮಾನು ಹಿಡಿಸುವ ಗಾಡಿಗಳಲ್ಲಿ ಅತಿ ಚಿಕ್ಕದನ್ನು ಆರಿಸಿ, ಉಳಿದ ಹಣವನ್ನು ವಿಮೆಗೆ ಹಾಕಿ. ನನ್ನ ಸಲಹೆಯೆಲ್ಲ ಇಷ್ಟೇ. ಇದನ್ನು ಮಾಡುವುದು ಹೇಗೆ ಎಂಬುದಕ್ಕೆ ಮಾತ್ರ ಒಂದಷ್ಟು ತಯಾರಿ ಬೇಕು.

ಎಷ್ಟು ದಿನಕ್ಕೆ ಬೇಕು?

ಮೊದಲು ನಕ್ಷೆ ತೆಗೆಯಿರಿ. ಮಾರಿಷಸ್‌ನ ಮುಖ್ಯ ದ್ವೀಪದ ಉದ್ದ ಸುಮಾರು 65 ಕಿ.ಮೀ., ಅಗಲ ಸುಮಾರು 45 ಕಿ.ಮೀ. ನಮ್ಮ ತುಮಕೂರು ಜಿಲ್ಲೆಯ ಐದನೇ ಒಂದು ಭಾಗದಷ್ಟೂ ಇಲ್ಲ. ಏಳು ದಿನದ ಪ್ರವಾಸವೆಂದು ಏಳೂ ದಿನಕ್ಕೆ ಕಾರು ತೆಗೆದುಕೊಂಡರೆ ಅದರಲ್ಲಿ ಮೂರು ದಿನ ಅದು ಹೋಟೆಲಿನ ಅಂಗಳದಲ್ಲೇ ನಿಂತಿರುತ್ತದೆ. ಕಡಲಲ್ಲಿ ಆಡುವ ದಿನ, ದೋಣಿಯಲ್ಲಿ ಹೋಗುವ ದಿನ, ಬಂದಿಳಿದು ಸುಸ್ತಾಗಿ ಮಲಗುವ ದಿನ, ಇವಕ್ಕೆ ಕಾರು ಬೇಡ.

ವಿಮಾನ ನಿಲ್ದಾಣ ಇರುವುದು ಆಗ್ನೇಯ ಮೂಲೆಯ ಪ್ಲೇಸಾನ್ಸ್‌ನಲ್ಲಿ. ನಮ್ಮವರು ಹೆಚ್ಚಾಗಿ ಉಳಿಯುವ ಗ್ರಾನ್ ಬೇ ಉತ್ತರದ ತುದಿಯಲ್ಲಿದೆ. ನಡುವೆ ಸುಮಾರು 70 ಕಿ.ಮೀ., ಹೆಚ್ಚು ಕಡಿಮೆ ತುಮಕೂರಿನಿಂದ ಬೆಂಗಳೂರಿಗೆ ಇರುವಷ್ಟು. ರಾತ್ರಿಯಿಡೀ ವಿಮಾನದಲ್ಲಿ ಕೂತು ನಿದ್ದೆಗೆಟ್ಟವರು ಇಳಿದ ಕೂಡಲೇ ಗುರುತಿಲ್ಲದ ರಸ್ತೆಯಲ್ಲಿ ಅಷ್ಟು ದೂರ ಓಡಿಸುವುದು ಬೇಡ. ಮೊದಲ ದಿನ ಟ್ಯಾಕ್ಸಿಯಲ್ಲಿ ಹೋಗಿ. ಮರುದಿನವೋ ಅದರಾಚೆಯ ದಿನವೋ ಕಾರನ್ನು ಹೋಟೆಲಿಗೇ ತರಿಸಿಕೊಳ್ಳಿ. ಹೆಚ್ಚಿನ ಬಾಡಿಗೆ ಕಂಪನಿಗಳು ಹೋಟೆಲ್ ಬಾಗಿಲಿಗೇ ತಂದುಕೊಡುತ್ತವೆ. ಪೋರ್ಟ್ ಲೂಯಿಸ್ ನಗರ ನೋಡುವ ದಿನವೂ ಸ್ವಂತ ಗಾಡಿ ತೊಂದರೆಯೇ. ಅಲ್ಲಿ ನಿಲುಗಡೆಗೆ ಜಾಗ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. 2019ರಿಂದ ಅಲ್ಲಿ ಮೆಟ್ರೋ ಓಡುತ್ತಿದೆ, ಬಸ್ಸುಗಳೂ ಇವೆ.

ಕಾರು ಖಂಡಿತ ಬೇಕಾಗುವುದು ದಕ್ಷಿಣಕ್ಕೆ ಮತ್ತು ನಡುನಾಡಿಗೆ. ಶಮರೆಲ್‌ನ ಏಳು ಬಣ್ಣದ ಮಣ್ಣು, ಬ್ಲ್ಯಾಕ್ ರಿವರ್ ಕಣಿವೆಯ ಕಾಡು, ಲ ಮೋರ್ನ್ ಬೆಟ್ಟ, ಗಂಗಾ ತಲಾವ್ ಇವೆಲ್ಲ ಆ ಕಡೆ ಇವೆ. ನಮ್ಮ ಕುಟುಂಬಕ್ಕೆ ಮೂರು ದಿನದ ಕಾರು ಧಾರಾಳವಾಗಿ ಸಾಕಾಯಿತು.

ಹೊರಡುವ ಮುನ್ನ ಕಾಗದ

ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು, ಎಲ್ಲರೂ ಕರೆಯುವಂತೆ ಐಡಿಪಿಯನ್ನು, ನಿಮ್ಮ ಡಿಎಲ್ ಇರುವ ಆರ್‌ಟಿಒ ಕಚೇರಿಯಲ್ಲೇ ಕೊಡುತ್ತಾರೆ. ನಮಗೆ ಕೆಎ-06 ತುಮಕೂರು. ತಿಪಟೂರಿನವರಿಗೆ ಕೆಎ-44, ಮಧುಗಿರಿ ಕಡೆಯವರಿಗೆ ಕೆಎ-64. ಸಾರಥಿ ಜಾಲತಾಣದಲ್ಲಿ ಫಾರಂ 4ಎ ತುಂಬಬೇಕು. ಶುಲ್ಕ 1,000 ರೂಪಾಯಿ, ಅವಧಿ ಒಂದು ವರ್ಷ. ಡಿಎಲ್, ಪಾಸ್‌ಪೋರ್ಟ್, ವಿಮಾನದ ಟಿಕೆಟ್ ಕೈಯಲ್ಲಿರಲಿ. ಹೊರಡುವ ಹಿಂದಿನ ವಾರ ಓಡಾಡುವ ಬದಲು ಒಂದು ತಿಂಗಳು ಮೊದಲೇ ಮುಗಿಸಿಕೊಳ್ಳಿ. ಡಿಎಲ್‌ನ ಅವಧಿ ಪ್ರವಾಸದ ನಡುವೆ ಮುಗಿಯುವಂತಿದ್ದರೆ ಅದನ್ನು ಮೊದಲು ನವೀಕರಿಸಿ. ಡಿಎಲ್ ಇಲ್ಲದೆ ಐಡಿಪಿಗೆ ಬೆಲೆಯಿಲ್ಲ, ಎರಡನ್ನೂ ಒಟ್ಟಿಗೆ ತೋರಿಸಬೇಕು. ಮೊಬೈಲಿನ ಡಿಜಿಲಾಕರ್ ನಮ್ಮ ಪೊಲೀಸರಿಗೆ ಸಾಕು, ಅಲ್ಲಿನವರಿಗೆ ಮೂಲ ಕಾರ್ಡೇ ಬೇಕು. ಶ್ರೀಲಂಕಾಕ್ಕೆ ಹೋಗುವವರು ಇನ್ನೊಂದು ವಿಷಯ ನೆನಪಿಡಿ: ಅಲ್ಲಿ ನಮ್ಮ ಐಡಿಪಿಯೊಂದೇ ನಡೆಯುವುದಿಲ್ಲ, ಅಲ್ಲಿನವರ ಮಾನ್ಯತೆಯನ್ನು ಬೇರೆಯಾಗಿ ಪಡೆಯಬೇಕು.

ಎರಡನೆಯದು ಕ್ರೆಡಿಟ್ ಕಾರ್ಡ್. ಕಾರು ಕೊಡುವಾಗ ನಿಮ್ಮ ಕಾರ್ಡಿನಲ್ಲಿ ಒಂದು ಮೊತ್ತವನ್ನು ಠೇವಣಿಯೆಂದು ತಡೆಹಿಡಿಯುತ್ತಾರೆ. ಆ ಹಣ ಖಾತೆಯಿಂದ ಹೋಗುವುದಿಲ್ಲ, ಆದರೆ ಕಾರು ಹಿಂದಿರುಗಿಸಿ ಕೆಲವು ದಿನ ಕಳೆಯುವವರೆಗೂ ನಿಮ್ಮ ಮಿತಿಯಲ್ಲಿ ಅಷ್ಟು ಕಡಿಮೆ ತೋರಿಸುತ್ತದೆ. ಅದೇ ಕಾರ್ಡಿನಲ್ಲಿ ಹೋಟೆಲ್ ಬಿಲ್ಲೂ ಕಟ್ಟಬೇಕೆಂದಿದ್ದರೆ ಮಿತಿ ಸಾಲದೆ ಪರದಾಡಬೇಕಾಗುತ್ತದೆ. ಕಾರ್ಡು ಓಡಿಸುವವರ ಹೆಸರಿನಲ್ಲೇ ಇರಬೇಕು. ಗಂಡನ ಕಾರ್ಡ್, ಹೆಂಡತಿಯ ಡಿಎಲ್ ಅಂದರೆ ಬಹಳ ಕಡೆ ಒಪ್ಪುವುದಿಲ್ಲ. ಇನ್ನು ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರಿಂದ ಹೊಸ ಕಾರ್ಡುಗಳು ವಿದೇಶದಲ್ಲಿ ತಾವಾಗಿ ಕೆಲಸ ಮಾಡುವುದಿಲ್ಲ. ಬ್ಯಾಂಕಿನ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆಯನ್ನು ನೀವೇ ತೆರೆದಿಡಬೇಕು. ಇದನ್ನು ಊರಿನಲ್ಲೇ ಮಾಡಿ. ಅಲ್ಲಿಗೆ ಹೋದಮೇಲೆ ಒಟಿಪಿ ಬಾರದೆ ಕೌಂಟರಿನ ಮುಂದೆ ನಿಂತ ಸಂಸಾರಗಳನ್ನು ನಾನು ಕಂಡಿದ್ದೇನೆ.

ಕಾರ್ಡ್ ಉಜ್ಜುವಾಗ "ಭಾರತದ ರೂಪಾಯಿಯಲ್ಲಿ ಕಟ್ಟುತ್ತೀರಾ, ಇಲ್ಲಿನ ಹಣದಲ್ಲಾ?" ಎಂದು ಯಂತ್ರ ಕೇಳಿದರೆ ಅಲ್ಲಿನ ಹಣವನ್ನೇ ಒತ್ತಿ. ನಮ್ಮ ರೂಪಾಯಿ ಕಂಡು ನೆಮ್ಮದಿಯೆನಿಸಬಹುದು, ಆದರೆ ಆ ಬದಲಾವಣೆಯ ದರ ಬಹುತೇಕ ನಮಗೆ ನಷ್ಟದ್ದೇ.

ಯಾವ ಗಾಡಿ?

ಮೊದಲಿಗೆ, ಆ ದ್ವೀಪದಲ್ಲಿ ಗಾಡಿ ರಸ್ತೆಯ ಯಾವ ಕಡೆ ಓಡುತ್ತದೆಂದು ತಿಳಿದುಕೊಳ್ಳಿ. ಮಾರಿಷಸ್, ಸೇಶೆಲ್ಸ್, ಶ್ರೀಲಂಕಾ, ಬಾಲಿ, ಫುಕೆಟ್ ಇಲ್ಲೆಲ್ಲ ನಮ್ಮಂತೆಯೇ ಎಡಗಡೆ ಸಂಚಾರ, ಸ್ಟೀರಿಂಗ್ ಬಲಗಡೆ. ಹವಾಯಿ, ಫಿಲಿಪೀನ್ಸ್, ಮಾರಿಷಸ್‌ನ ನೆರೆಯ ರಿಯೂನಿಯನ್ ಇಲ್ಲೆಲ್ಲ ಬಲಗಡೆ. ಇಪ್ಪತ್ತು ವರ್ಷ ಎಡಕ್ಕೆ ಓಡಿಸಿದ ಕೈ ರಜೆಯ ನಾಲ್ಕು ದಿನದಲ್ಲಿ ಬಲಕ್ಕೆ ತಿರುಗಲೊಲ್ಲದು. ಅಂಥ ಕಡೆ ಚಾಲಕನಿರುವ ಗಾಡಿಯೇ ಕ್ಷೇಮವೆಂದು ನನ್ನ ಅಭಿಪ್ರಾಯ.

ಇನ್ನು ಗಾತ್ರ. ಫೋಟೋದಲ್ಲಿ ಕಂಡ ಕಾರೇ ನಿಮಗೆ ಸಿಗುವುದಿಲ್ಲ. ನೀವು ಕಾಯ್ದಿರಿಸುವುದು ಒಂದು ವರ್ಗವನ್ನು. ಹೆಸರಿನ ಪಕ್ಕದಲ್ಲಿ "ಅಥವಾ ಅಂಥದೇ ಇನ್ನೊಂದು" ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಆದ್ದರಿಂದ ಹೆಸರು ಬಿಟ್ಟು ಸೀಟು, ಡಿಕ್ಕಿಯ ಲೆಕ್ಕ ನೋಡಿ. ಸ್ವಿಫ್ಟ್‌ನಂಥ ಹ್ಯಾಚ್‌ಬ್ಯಾಕಿನ ಡಿಕ್ಕಿ ಸುಮಾರು 265 ಲೀಟರ್. ದೊಡ್ಡ ಸೂಟ್‌ಕೇಸ್ ಎರಡು ಇಟ್ಟರೆ ಮುಗಿಯಿತು, ಮೂರನೆಯದು ಮಡಿಲಿಗೆ ಬರುತ್ತದೆ. ಏಳು ಸೀಟಿನ ಗಾಡಿ ತೆಗೆದುಕೊಂಡರೆ ಆರಾಮವೆಂದು ಬಹಳ ಮಂದಿ ತಿಳಿಯುತ್ತಾರೆ. ಏಳೂ ಸೀಟಿನಲ್ಲಿ ಜನ ಕೂತರೆ ಎರ್ಟಿಗಾದ ಡಿಕ್ಕಿಯಲ್ಲಿ ಉಳಿಯುವುದು 209 ಲೀಟರ್, ಸ್ವಿಫ್ಟ್‌ಗಿಂತ ಕಡಿಮೆ. ಏಳು ಜನರ ಸಾಮಾನು ಎಲ್ಲಿಡುತ್ತೀರಿ? ಐದು ಜನ ಹೋಗಿ ಹಿಂದಿನ ಸಾಲು ಮಡಚುವುದಾದರೆ ಮಾತ್ರ ಅದು ಲಾಭ. ಆದರೆ ಸಾಮಾನು ಹೋಟೆಲಿನಲ್ಲಿಟ್ಟು ಬರೀ ಸುತ್ತಾಡಲು ಕಾರು ತರಿಸುವುದಾದರೆ ಈ ಲೆಕ್ಕವೇ ಬೇಡ. ನಾಲ್ಕು ಜನಕ್ಕೆ ಚಿಕ್ಕ ಕಾರು ಸಾಕು.

ಚಿಕ್ಕದು ಏಕೆಂದರೆ ಅಲ್ಲಿನ ಹಳ್ಳಿ ರಸ್ತೆಗಳು ಕಿರಿದು. ಎಷ್ಟೋ ಕಡೆ ಅಂಚಿನಲ್ಲಿ ಪಾದಚಾರಿ ದಾರಿಯಿಲ್ಲ, ಬದಿಯಲ್ಲಿ ತೆರೆದ ಚರಂಡಿ. ಎದುರಿನಿಂದ ಬಸ್ಸು ಬಂದಾಗ ಅಗಲದ ಎಸ್‌ಯುವಿಯ ಎಡ ಚಕ್ರ ಎಲ್ಲಿದೆಯೆಂದು ಊಹಿಸುತ್ತಾ ಕೂರಬೇಕು. ಶಮರೆಲ್‌ಗೆ ಹತ್ತುವ ತಿರುವುಗಳು ನಮ್ಮ ದೇವರಾಯನದುರ್ಗದ ದಾರಿಯನ್ನು ನೆನಪಿಸುತ್ತವೆ. ಅಲ್ಲಿ ಓಡಿಸಿದ ಅಭ್ಯಾಸವಿದ್ದವರಿಗೆ ಕಷ್ಟವಿಲ್ಲ, ಆದರೆ ದುರ್ಗಕ್ಕೆ ಹತ್ತುವಾಗ ಚಿಕ್ಕ ಗಾಡಿ ಎಷ್ಟು ಸಲೀಸೋ ಅಲ್ಲೂ ಅಷ್ಟೇ. ಪ್ರವಾಸಿಗರು ಹೋಗುವ ಜಾಗಕ್ಕೆಲ್ಲ ಡಾಂಬರು ರಸ್ತೆಯಿದೆ, ಎತ್ತರದ ಗಾಡಿಯ ಅಗತ್ಯವಿಲ್ಲ.

ತುಸು ಎತ್ತರದ ಗಾಡಿಗೆ ನಾನು ಒಪ್ಪುವುದು ಒಂದೇ ಕಾರಣಕ್ಕೆ, ಮಂಡಿನೋವಿನ ಹಿರಿಯರಿಗಾಗಿ. ನಮ್ಮಮ್ಮನಿಗೆ ತಗ್ಗಿನ ಕಾರಿಗೆ ಇಳಿದು ಕೂರುವುದೂ ಕಷ್ಟ, ತೀರಾ ಎತ್ತರದ ಗಾಡಿಗೆ ಕಾಲೆತ್ತಿ ಹತ್ತುವುದೂ ಕಷ್ಟ. ಸೊಂಟದ ಮಟ್ಟಕ್ಕೆ ಸೀಟು ಬರುವ ಮಧ್ಯಮ ಗಾತ್ರದ ಗಾಡಿ ಅವರಿಗೆ ಹಿಡಿಸಿತು. ಊರಿನಲ್ಲೇ ನೆಂಟರಿಷ್ಟರ ಎರಡು ಮೂರು ಬಗೆಯ ಕಾರಿನಲ್ಲಿ ಹಿರಿಯರನ್ನು ಕೂರಿಸಿ ಇಳಿಸಿ ನೋಡಿ. ಬೇಕಾದ ವರ್ಗ ಯಾವುದೆಂದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಗೇರು ನಿಮ್ಮ ಅಭ್ಯಾಸಕ್ಕೆ ಬಿಟ್ಟದ್ದು. ಆಟೊಮ್ಯಾಟಿಕ್‌ಗೆ ಬಾಡಿಗೆ ಹೆಚ್ಚು, ಸಂಖ್ಯೆಯೂ ಕಡಿಮೆ, ಬೇಕಿದ್ದರೆ ಬೇಗ ಕಾಯ್ದಿರಿಸಿ. ಗುರುತಿಲ್ಲದ ಏರುರಸ್ತೆಯಲ್ಲಿ ಕ್ಲಚ್ಚಿನ ಚಿಂತೆಯಿಲ್ಲದಿರುವುದು ದೊಡ್ಡ ಸಮಾಧಾನ. ಅದಕ್ಕೆ ಕೊಟ್ಟ ಹಣ ನನಗೆ ದುಬಾರಿಯೆನಿಸಲಿಲ್ಲ. ಯುರೋಪಿನ ಕಾರು ಸಿಕ್ಕರೆ ಇಂಡಿಕೇಟರ್ ಕಡ್ಡಿ ಸ್ಟೀರಿಂಗಿನ ಎಡಕ್ಕಿರುತ್ತದೆ. ಮಾರುತಿ, ಹ್ಯುಂಡೈ ಓಡಿಸಿದವರು ತಿರುವಿನಲ್ಲಿ ವೈಪರ್ ಹಾಕಿಬಿಡುತ್ತಾರೆ. ಹೊರಡುವ ಮುನ್ನ ನಿಂತಲ್ಲೇ ನಾಲ್ಕು ಸಲ ಕೈ ರೂಢಿ ಮಾಡಿಕೊಳ್ಳಿ.

ಮೇಲ್ಛಾವಣಿ ತೆರೆಯುವ ಕಾರು, ತೆರೆದ ಜೀಪು ಫೋಟೋಕ್ಕೆ ಚೆಂದ. ಮಧ್ಯಾಹ್ನದ ಉಷ್ಣವಲಯದ ಬಿಸಿಲಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗಲು ಅವು ಬೇಡ. ಮುಚ್ಚಿದ ಗಾಡಿಯೇ ಇರಲಿ, ಹಿಂದಿನ ಸೀಟಿಗೂ ಎಸಿ ಗಾಳಿ ತಲುಪುವಂತಿರಲಿ. ಚಿಕ್ಕ ಮಕ್ಕಳಿದ್ದರೆ ಮಗುವಿನ ಸೀಟನ್ನು ಕಾಯ್ದಿರಿಸುವಾಗಲೇ ಬರೆಸಿ.

ವಿಮೆ: ಇಲ್ಲಿ ನಿಧಾನವಾಗಿ ಓದಿ

ಬಾಡಿಗೆಯಲ್ಲಿ "ವಿಮೆ ಸೇರಿದೆ" ಎಂದು ಬರೆದಿರುತ್ತದೆ. ಅದನ್ನು ಓದಿ ಬಹಳ ಮಂದಿ ಅಲ್ಲಿಗೇ ನಿಲ್ಲುತ್ತಾರೆ. ಸೇರಿರುವುದು ಸಾಮಾನ್ಯವಾಗಿ ಸಿಡಿಡಬ್ಲ್ಯು ಎಂಬ ರಕ್ಷಣೆ. ಕಾರಿಗೆ ಹಾನಿಯಾದರೆ ಒಂದು ಮೊತ್ತದವರೆಗೆ ನೀವು ಕೊಡಬೇಕು, ಅದಕ್ಕೆ ಮೀರಿದ್ದು ಕಂಪನಿಯ ಪಾಲು. ನೀವು ಕೊಡಬೇಕಾದ ಆ ಮೊತ್ತಕ್ಕೆ ಎಕ್ಸೆಸ್ ಅನ್ನುತ್ತಾರೆ. ಲೆಕ್ಕಕ್ಕೆಂದು ಎಕ್ಸೆಸ್ 60,000 ರೂಪಾಯಿ ಎಂದಿಟ್ಟುಕೊಳ್ಳಿ. ಬಂಪರ್ ತಾಗಿ 25,000 ರೂಪಾಯಿ ಖರ್ಚಾದರೆ ಪೂರ್ತಿ ನಿಮ್ಮದೇ. 2 ಲಕ್ಷದ ಹಾನಿಯಾದರೆ ನಿಮ್ಮದು 60,000. ಪ್ರವಾಸಿಗರಿಂದ ಆಗುವುದು ಹೆಚ್ಚಾಗಿ ಗೀರು, ತಗ್ಗು, ಒಡೆದ ಕನ್ನಡಿಯಂಥ ಚಿಕ್ಕ ಹಾನಿ. ಅಂದರೆ "ವಿಮೆ ಸೇರಿದೆ" ಎಂಬ ಮಾತು ನಿಜಕ್ಕೂ ಬೇಕಾದ ಕಡೆ ನಿಮಗೆ ಒದಗುವುದಿಲ್ಲ.

ಈ ಎಕ್ಸೆಸನ್ನು ಸೊನ್ನೆಗೋ ಸೊನ್ನೆಯ ಹತ್ತಿರಕ್ಕೋ ಇಳಿಸುವ ಹೆಚ್ಚುವರಿ ರಕ್ಷಣೆಯನ್ನು ದಿನಕ್ಕಿಷ್ಟೆಂದು ಮಾರುತ್ತಾರೆ. ಅದನ್ನು ತೆಗೆದುಕೊಳ್ಳಿ ಎಂಬುದೇ ನನ್ನ ಮಾತು. ಎಸ್‌ಯುವಿಗೂ ಚಿಕ್ಕ ಕಾರಿಗೂ ಇರುವ ಬಾಡಿಗೆಯ ವ್ಯತ್ಯಾಸದಲ್ಲಿ ಈ ಖರ್ಚು ಬಹುಪಾಲು ಸರಿಹೋಗುತ್ತದೆ.

ಆದರೆ ಅದನ್ನು ಕೊಂಡ ಮೇಲೂ ಒಂದು ಪಟ್ಟಿ ಓದಬೇಕು: ಯಾವುದಕ್ಕೆ ವಿಮೆ ಇಲ್ಲ ಎಂಬ ಪಟ್ಟಿ. ಟೈರು, ಚಕ್ರದ ರಿಮ್, ಗಾಜು, ಗಾಡಿಯ ಕೆಳಭಾಗ ಇವನ್ನು ಬಹಳ ಕಂಪನಿಗಳು ಹೊರಗಿಡುತ್ತವೆ. ಮಣ್ಣಿನ ದಾರಿಗೆ ಇಳಿಸಿದರೆ, ಮರಳ ದಂಡೆಯ ಮೇಲೆ ಓಡಿಸಿದರೆ, ನಿಂತ ನೀರಿಗೆ ನುಗ್ಗಿಸಿ ಇಂಜಿನ್ನಿಗೆ ನೀರು ಹೊಕ್ಕರೆ ವಿಮೆ ಇಡಿಯಾಗಿ ಬಿದ್ದುಹೋಗಬಹುದು. ಕಡಲ ದಂಡೆಯವರೆಗೆ ಗಾಡಿ ಇಳಿಸಿ ಫೋಟೋ ತೆಗೆಯುವ ಆಸೆಯಿದ್ದವರು ಇದನ್ನು ನೆನಪಿಡಬೇಕು. ಮರಳಿನಲ್ಲಿ ಹೂತ ಗಾಡಿ ಎಳೆಸುವ ಖರ್ಚು ಪೂರ್ತಿ ನಿಮ್ಮದೇ. ಒಪ್ಪಂದದಲ್ಲಿ ಹೆಸರು ಬರೆಸದ ಇನ್ನೊಬ್ಬರು ಓಡಿಸಿದಾಗ ಏನಾದರೂ ಆದರೂ ವಿಮೆ ಸಿಗದು. ಬಾವ, ಬಾಮೈದ ಇಬ್ಬರೂ ಓಡಿಸುವುದಾದರೆ ಇಬ್ಬರ ಹೆಸರೂ ಇರಲಿ.

ತೆಂಗಿನ ಮರದ ಕೆಳಗೆ ಗಾಡಿ ನಿಲ್ಲಿಸಬಾರದೆಂದು ತಿಪಟೂರಿನ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಆದರೂ ಕಡಲತೀರದ ನೆರಳು ಕಂಡರೆ ನಮ್ಮವರೂ ಮರೆಯುತ್ತಾರೆ. ಕಾಯಿ ಬಿದ್ದು ಗಾಜು ಒಡೆದರೆ, ಗಾಜಿಗೆ ವಿಮೆಯಿದೆಯೇ ಎಂಬ ಪ್ರಶ್ನೆಗೇ ಮತ್ತೆ ಬರಬೇಕು.

ಬೀಗದ ಕೈ ಇನ್ನೊಂದು. ಈಗಿನ ರಿಮೋಟ್ ಕೀ ಉಪ್ಪುನೀರಿಗೆ ಬಿದ್ದರೆ ಕೆಡುತ್ತದೆ. ಚಡ್ಡಿಯ ಜೇಬಿನಲ್ಲಿಟ್ಟು ಕಡಲಿಗಿಳಿಯುವುದು ಸುಲಭದ ತಪ್ಪು, ಹೊಸ ಕೀಯ ಬೆಲೆ ಸುಲಭದ್ದಲ್ಲ. ದಂಡೆಯಲ್ಲಿ ಕೂರುವ ಹಿರಿಯರ ಕೈಗೆ ಕೊಟ್ಟು ಹೋಗಿ.

ಗಾಡಿ ಕೈಗೆ ಬಂದಾಗ

ನನಗೆ ನಷ್ಟವಾಗಿದ್ದು ಇಲ್ಲಿ. ಸಂಜೆ ಕತ್ತಲಾದ ಮೇಲೆ ಹೋಟೆಲಿನ ಅಂಗಳಕ್ಕೆ ಕಾರು ತಂದರು. ತಂದ ಹುಡುಗನಿಗೆ ಅವಸರ, ಒಳಗೆ ಮಕ್ಕಳಿಗೆ ಹಸಿವು. ಕಾಗದದ ಮೇಲಿನ ಕಾರಿನ ಚಿತ್ರದಲ್ಲಿ ಅವನು ಎರಡು ಗುರುತು ಹಾಕಿದ, ನಾನು ಸಹಿ ಹಾಕಿದೆ. ಬೆಳಗ್ಗೆ ನೋಡಿದರೆ ಎಡ ಮುಂದಿನ ರಿಮ್ಮಿನಲ್ಲಿ ಉದ್ದಕ್ಕೆ ಉಜ್ಜಿದ ಗಾಯ, ಬಂಪರಿನ ಅಡಿಯಲ್ಲಿ ಬಿರುಕು. ಹಳೆಯದೆಂದು ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ಹಿಂದಿರುಗಿಸುವ ದಿನ ಠೇವಣಿಯಲ್ಲಿ ಎರಡು ದಿನದ ಬಾಡಿಗೆಗಿಂತ ಹೆಚ್ಚು ಹಿಡಿದುಕೊಂಡರು. ಆ ಹಣ ಮರಳಿ ಬರಲಿಲ್ಲ.

ಅದಕ್ಕೇ, ಗಾಡಿಯನ್ನು ಹಗಲಿನಲ್ಲೇ ತರಿಸಿಕೊಳ್ಳಿ. ಸಹಿಗೆ ಮೊದಲು ಮೊಬೈಲಿನಲ್ಲಿ ವಿಡಿಯೊ ಮಾಡುತ್ತಾ ಒಂದು ಸುತ್ತು ನಿಧಾನವಾಗಿ ಬನ್ನಿ. ತಂದುಕೊಟ್ಟವರೂ ಅದರಲ್ಲಿ ಕಾಣಲಿ. ನಾಲ್ಕೂ ರಿಮ್ ಹತ್ತಿರದಿಂದ, ಮಂಡಿಯೂರಿ ಬಂಪರಿನ ಅಡಿ, ಚಾವಣಿ, ಮುಂಗಾಜು, ಒಳಗಿನ ಸೀಟಿನ ಕಲೆ, ಕೊನೆಗೆ ಇಂಧನದ ಮುಳ್ಳು ಮತ್ತು ಕಿ.ಮೀ. ಅಂಕಿ. ಕಂಡ ಗಾಯವನ್ನೆಲ್ಲ ಅವರ ಕಾಗದದಲ್ಲಿ ಬರೆಸಿ. ನಿಮ್ಮ ವಿಡಿಯೊ ನಿಮ್ಮ ಬಲ, ಅವರ ಕಾಗದ ಅದಕ್ಕಿಂತ ದೊಡ್ಡ ಬಲ.

ಟೈರಿನ ಮೇಲೆ ಕೈಯಾಡಿಸಿ. ಹಳ್ಳಗಳ ನಡುವೆ ಸಣ್ಣ ರಬ್ಬರ್ ದಿಣ್ಣೆಗಳಿರುತ್ತವೆ, ಟೈರಿನ ಮೇಲ್ಮೈ ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂದಿದ್ದರೆ ಆ ಗಾಡಿ ಬೇಡ ಅನ್ನಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2322 ಎಂದಿದ್ದರೆ 2022ರ 23ನೇ ವಾರ ತಯಾರಾದದ್ದು. ದ್ವೀಪದಲ್ಲಿ ಮಳೆ ಹೇಳಿ ಕೇಳಿ ಬರುವುದಿಲ್ಲ, ಒದ್ದೆ ಡಾಂಬರಿನ ಮೇಲೆ ಸವೆದ ಟೈರು ಅಪಾಯ. ವೈಪರ್ ಹಾಕಿ ನೋಡಿ, ರಬ್ಬರು ಬಿಸಿಲಿಗೆ ಒಣಗಿದ್ದರೆ ಬದಲಾಯಿಸಿಕೊಡಲು ಕೇಳಿ. ಎಸಿಯನ್ನು ಹತ್ತು ನಿಮಿಷ ಓಡಿಸಿ. ಉಪ್ಪುಗಾಳಿಗೆ ಬ್ರೇಕಿನ ತಟ್ಟೆ ಮೇಲೆ ತೆಳ್ಳಗೆ ತುಕ್ಕು ಹಿಡಿಯುವುದು ಸಹಜ, ನಾಲ್ಕು ಸಲ ಬ್ರೇಕ್ ಒತ್ತಿದರೆ ಉಜ್ಜಿಹೋಗುತ್ತದೆ. ಆಮೇಲೂ ಕರ್ರೆನ್ನುತ್ತಿದ್ದರೆ ಗಾಡಿ ಬದಲಿಸಿ. ಡಿಕ್ಕಿಯಲ್ಲಿ ಸ್ಟೆಪ್ನಿ, ಜಾಕಿ ಇವೆಯೇ ನೋಡಿ. ಕೆಲವು ಹೊಸ ಕಾರುಗಳಲ್ಲಿ ಸ್ಟೆಪ್ನಿಯ ಬದಲು ಪಂಕ್ಚರ್ ಕಿಟ್ ಮಾತ್ರ ಇರುತ್ತದೆ.

ಕೆಟ್ಟು ನಿಂತರೆ ಕರೆಯಬೇಕಾದ ನಂಬರಿಗೆ ಅಲ್ಲೇ ಒಮ್ಮೆ ಕರೆ ಮಾಡಿ, ಯಾರಾದರೂ ಎತ್ತುತ್ತಾರಾ ಎಂದು ತಿಳಿದುಕೊಳ್ಳಿ.

ಅಲ್ಲಿನ ರಸ್ತೆ

ಮಾರಿಷಸ್‌ನ ರಸ್ತೆಬದಿಯೆಲ್ಲ ಕಬ್ಬು. ಆಳೆತ್ತರ ಬೆಳೆದಾಗ ಕೂಡುರಸ್ತೆಯಲ್ಲಿ ಎಡಬಲ ಏನೂ ಕಾಣಿಸುವುದಿಲ್ಲ. ಜೂನ್ ನಂತರದ ಕಟಾವಿನ ಕಾಲದಲ್ಲಿ ಕಬ್ಬಿನ ಲಾರಿಗಳು ಸೇರಿಕೊಳ್ಳುತ್ತವೆ. ವೃತ್ತಗಳು ಬಹಳ. ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕೆಂಬ ನಿಯಮವನ್ನು ಅಲ್ಲಿ ನಿಜವಾಗಿ ಪಾಲಿಸುತ್ತಾರೆ. ಮೂತಿ ತೂರಿಸಿ ನುಗ್ಗುವ ನಮ್ಮ ಅಭ್ಯಾಸವನ್ನು ಊರಿನಲ್ಲೇ ಬಿಟ್ಟು ಹೋಗಬೇಕು. ಮೋಟರ್‌ವೇಯಲ್ಲಿ ಗರಿಷ್ಠ ವೇಗ 110 ಕಿ.ಮೀ., ಆದರೆ ಊರು ಬಂದಂತೆ ಫಲಕದ ಅಂಕಿ ಇಳಿಯುತ್ತಾ ಹೋಗುತ್ತದೆ, ಕ್ಯಾಮೆರಾಗಳೂ ಇವೆ. ದಂಡದ ಚೀಟಿ ಬಾಡಿಗೆ ಕಂಪನಿಗೆ ಹೋಗಿ ಅಲ್ಲಿಂದ ನಿಮ್ಮ ಕಾರ್ಡಿಗೆ ಬರುತ್ತದೆ.

ಕಡಲತೀರದಲ್ಲಿ ಬಿಸಿಲಿದ್ದರೂ ಕ್ಯೂರ್‌ಪೀಪ್ ಸುತ್ತಿನ ಎತ್ತರದ ನಡುನಾಡಿನಲ್ಲಿ ಮಳೆ, ಮಂಜು ಇರಬಹುದು. ಆ ದಾರಿಯಲ್ಲೇ ಗಂಗಾ ತಲಾವ್‌ಗೆ ಹೋಗುವುದು. ಅಲ್ಲಿನ 108 ಅಡಿಯ ಶಿವನ ಮುಂದೆ ನಮ್ಮಮ್ಮ ಕೈಮುಗಿದು ಬಹಳ ಹೊತ್ತು ನಿಂತಿದ್ದರು. ಶಿವರಾತ್ರಿಯ ದಿನಗಳಲ್ಲಿ ಹೋಗುವವರು ಮಾತ್ರ ಕಾರನ್ನು ನೆಚ್ಚಬೇಡಿ. ಸಿದ್ಧಗಂಗೆಯ ಜಾತ್ರೆಗೆ ಕ್ಯಾತ್ಸಂದ್ರದ ರಸ್ತೆ ತುಂಬುವಂತೆ ಅಲ್ಲಿಯೂ ಇಡೀ ದ್ವೀಪದಿಂದ ಜನ ಕಾವಡಿ ಹೊತ್ತು ನಡೆದು ಬರುತ್ತಾರೆ.

ನವೆಂಬರಿನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ. ಎಚ್ಚರಿಕೆಯನ್ನು 1ರಿಂದ 4ರವರೆಗೆ ದರ್ಜೆಯಲ್ಲಿ ಕೊಡುತ್ತಾರೆ. 3 ಬಂದರೆ ಹೊರಗೆ ಓಡಾಡಬೇಡಿ. ಆ ತಿಂಗಳುಗಳಲ್ಲಿ ಹೋಗುವುದಾದರೆ ಹಣ ಕಳೆದುಕೊಳ್ಳದೆ ರದ್ದುಮಾಡಬಹುದಾದ ಬುಕಿಂಗನ್ನೇ ಆರಿಸಿ.

ಅಂಡಮಾನಿಗೆ ಹೋಗುವವರು

ಪಾಸ್‌ಪೋರ್ಟಿನ ಗೊಡವೆ ಬೇಡವೆಂದು ಅಂಡಮಾನಿಗೆ ಹೋಗುವವರೂ ನಮ್ಮಲ್ಲಿ ಬಹಳ. ಅಲ್ಲಿ ಮೊದಲು ನೋಡಬೇಕಾದ್ದು ನಂಬರ್ ಪ್ಲೇಟ್. ಸ್ವತಃ ಓಡಿಸಲು ಬಾಡಿಗೆಗೆ ಕೊಡುವ ಗಾಡಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ ಇರಬೇಕು, ಇಡೀ ದೇಶಕ್ಕೆ ಇದೇ ನಿಯಮ. ಬಿಳಿ ಫಲಕದ ಗಾಡಿಯನ್ನು ಯಾರಾದರೂ ಅಗ್ಗಕ್ಕೆ ಕೊಟ್ಟರೆ ಅದು ಸ್ವಂತ ಬಳಕೆಯ ಗಾಡಿ. ಅಪಘಾತವಾದರೆ ವಿಮಾ ಕಂಪನಿ ಕೈ ಎತ್ತಲು ಕಾರಣ ಸಿಕ್ಕಂತೆ.

ಇನ್ನೊಂದು, ಹೊತ್ತು. ಗಡಿಯಾರ ನಮ್ಮದೇ, ಆದರೆ ದ್ವೀಪ ಇರುವುದು ಬಹಳ ಪೂರ್ವಕ್ಕೆ. ಸಂಜೆ ಐದು, ಐದೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಊರಿನ ಲೆಕ್ಕದಲ್ಲಿ ಆರೂವರೆಗೆ ಹೊರಟರಾಯಿತು ಎಂದುಕೊಂಡರೆ ಗುರುತಿಲ್ಲದ ಕತ್ತಲಲ್ಲಿ ಓಡಿಸಬೇಕು. ಬೆಳಗ್ಗೆ ಐದಕ್ಕೇ ಬೆಳಕು ಹರಿಯುವುದರಿಂದ ಬೇಗ ಹೊರಡಿ. 2024ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರು ಬದಲಾದ ಪೋರ್ಟ್ ಬ್ಲೇರ್ ಸುತ್ತಮುತ್ತ ಕಾರು ಉಪಯೋಗ. ಹಿಂದೆ ಹ್ಯಾವ್‌ಲಾಕ್ ಎಂದು ಕರೆಯುತ್ತಿದ್ದ ಸ್ವರಾಜ್ ದ್ವೀಪಕ್ಕೆ ಹಡಗಿನಲ್ಲಿ ಹೋಗಿ ಅಲ್ಲಿ ಸ್ಕೂಟರೋ ಟ್ಯಾಕ್ಸಿಯೋ ಹಿಡಿಯುವುದು ವಾಡಿಕೆ. ಬಾರಾಟಾಂಗ್ ಕಡೆಗೆ ಮಾತ್ರ ಬಾಡಿಗೆ ಕಾರು ತೆಗೆದುಕೊಂಡು ಹೋಗುವ ಯೋಚನೆ ಬೇಡ. ಆ ಹೆದ್ದಾರಿ ಜಾರವಾ ಬುಡಕಟ್ಟಿನವರ ಮೀಸಲು ಕಾಡಿನೊಳಗೆ ಹೋಗುತ್ತದೆ. ಜಿರ್ಕಾಟಾಂಗ್ ಠಾಣೆಯಿಂದ ನಿಗದಿತ ಹೊತ್ತಿಗೆ ಸಾಲಾಗಿ ಬಿಡುತ್ತಾರೆ. ನಡುವೆ ನಿಲ್ಲಿಸುವಂತಿಲ್ಲ, ಫೋಟೋ ತೆಗೆಯುವಂತಿಲ್ಲ, ಯಾರಿಗೂ ತಿಂಡಿ ಕೊಡುವಂತಿಲ್ಲ. ಅದು ಅವರ ಮನೆ, ಆ ನಿಯಮವನ್ನು ಮನಃಪೂರ್ವಕ ಪಾಲಿಸಬೇಕು.

ಹಿಂದಿರುಗಿಸುವಾಗ

ಇಂಧನದ ಷರತ್ತಿನಲ್ಲಿ "ತುಂಬಿಸಿ ಕೊಡುತ್ತೇವೆ, ತುಂಬಿಸಿ ಕೊಡಿ" ಎನ್ನುವುದನ್ನೇ ಆರಿಸಿರಿ. ಮಾರಿಷಸ್‌ನಲ್ಲಿ ಪೆಟ್ರೋಲ್ ದರವನ್ನು ಸರ್ಕಾರ ನಿಗದಿ ಮಾಡುವುದರಿಂದ ಅಗ್ಗದ ಬಂಕ್ ಹುಡುಕುವ ಕೆಲಸವಿಲ್ಲ, ನಿಲ್ದಾಣದ ಹತ್ತಿರದ ಬಂಕಿನಲ್ಲಿ ತುಂಬಿಸಿ ರಸೀದಿ ಇಟ್ಟುಕೊಳ್ಳಿ. ಒಳಗಿನ ಮರಳನ್ನು ಕೊಡವಿ, ಹೆಚ್ಚು ಮರಳಿದ್ದರೆ ಸ್ವಚ್ಛತೆಯ ಶುಲ್ಕ ಹಾಕುವವರಿದ್ದಾರೆ. ವಿಮಾನಕ್ಕೆ ಮೂರೂವರೆ ಗಂಟೆ ಮುಂಚೆಯೇ ಗಾಡಿ ಒಪ್ಪಿಸುವಂತೆ ಹೊರಡಿ. ಅವಸರದಲ್ಲಿದ್ದರೆ ಎದುರಿನವರು ತೋರಿಸಿದ ಗೀರಿಗೆಲ್ಲ ತಲೆಯಾಡಿಸಬೇಕಾಗುತ್ತದೆ. ಮತ್ತೊಮ್ಮೆ ವಿಡಿಯೊ ಮಾಡಿ, "ಹೊಸ ಹಾನಿ ಇಲ್ಲ" ಎಂದು ಬರೆಸಿ ಸಹಿ ಪಡೆಯಿರಿ.

ಊರಿಗೆ ಬಂದ ಮೇಲೆ ಎರಡು ವಾರ ಕಾರ್ಡಿನ ಲೆಕ್ಕ ನೋಡುತ್ತಿರಿ. ಠೇವಣಿ ಬಿಡುಗಡೆಯಾಗದಿದ್ದರೆ, ಕೇಳದ ಖರ್ಚು ಬಿದ್ದಿದ್ದರೆ, ಆ ಸಹಿಯ ಕಾಗದ ಲಗತ್ತಿಸಿ ಮೊದಲು ಬಾಡಿಗೆ ಕಂಪನಿಗೆ ಬರೆಯಿರಿ. ಒಪ್ಪದಿದ್ದರೆ ನಿಮ್ಮ ಬ್ಯಾಂಕಿಗೆ ತಕರಾರು ಸಲ್ಲಿಸಿ. ವಿಡಿಯೊಗಳನ್ನು ಅಲ್ಲಿಯವರೆಗೆ ಅಳಿಸಬೇಡಿ.

ನನ್ನ ತಮ್ಮ ಕೊನೆಗೆ ಮೂರು ದಿನಕ್ಕೆ ಚಿಕ್ಕ ಆಟೊಮ್ಯಾಟಿಕ್ ಕಾರೊಂದನ್ನು ಪೂರ್ತಿ ರಕ್ಷಣೆಯೊಂದಿಗೆ ಕಾಯ್ದಿರಿಸಿದ. ಸೋಮವಾರ ಐಡಿಪಿಗೆಂದು ಆರ್‌ಟಿಒ ಕಚೇರಿಗೆ ಹೋಗುತ್ತಿದ್ದಾನೆ.